ನಾನೇ ಉಜ್ಜಿದ ಬಿಲ್ಲೆ

ಮಾವ,

'ಪ್ರೀತಿಯ' ಅಂತ ಬರೆದು, ಆಮೇಲೆ ಗೀಟು ಎಳೆದು ಹೊಡೆದು ಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಮಾಡಿಕೊಳ್ಳಿ, ಈಗ ನಿಮ್ಮ ಬೇಜಾರು ಕಟ್ಟಿಕೊಂಡು ನನಗೇನು? ನಿಮ್ಮ ವರ್ಷದ ಕಾರ್ಯದ ದಿನ ಫೋಟೋಗೆ ಹಾರ ಹಾಕಿದವಳು ನಾನೇ. ಮರುದಿನವೇ ಎಲ್ಲ ಗೊತ್ತಾಯಿತು. ಒಂದು ದಿನ ಮುಂಚೆ ಗೊತ್ತಾಗಿದ್ದರೆ ಹಾರವನ್ನು ನಿಮ್ಮ ಮಗನ ಕೈಗೇ ಕೊಟ್ಟು ಹಿಂದೆ ನಿಂತುಬಿಡುತ್ತಿದ್ದೆ.

ನಜರ್‌ಬಾದಿನ ನಿಮ್ಮ ಗ್ಯಾರೇಜಿನ ಭಾನುವಾರಗಳು ನೆನಪಿವೆಯಾ? ಯಾರಾದರೂ ಅಪ್ಪ ತಮ್ಮ ಮಗನ ಬೈಕು ತಂದು ನಿಲ್ಲಿಸಿ, ಮಗನನ್ನು ಟೀ ತರಲು ಕಳಿಸಿ, ನಿಮ್ಮ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು: "ಒಂದು ಬಿಲ್ಲೆ ಹಾಕ್ಬುಡಿ ಸ್ವಾಮಿ. ಹುಡ್ಗನಿಗೆ ಗೊತ್ತಾಗೋದು ಬೇಡ." ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಸಣ್ಣ ತೂತಿನ ಒಂದು ತಗಡಿನ ಬಿಲ್ಲೆ, ಅಷ್ಟೇ. ಆಮೇಲೆ ಎಷ್ಟು ರೈಸ್ ಕೊಟ್ಟರೂ ಗಾಡಿ ನಲವತ್ತು ದಾಟುತ್ತಿರಲಿಲ್ಲ. ಆ ಬಿಲ್ಲೆಗಳ ತೂತನ್ನು ಅರದಲ್ಲಿ ಉಜ್ಜಿ ಕೊಡುತ್ತಿದ್ದವಳು ನಾನು. ನಾನು ಎಡಚಿ, ನನ್ನ ತೂತು ಯಾವತ್ತೂ ದುಂಡಗೆ ಬರುತ್ತಿರಲಿಲ್ಲ. "ಇದೇನಮ್ಮ ರೇಣು, ತೂತೋ ಕೋಳಿಮೊಟ್ಟೆಯೋ?" ಅಂತ ನಗುತ್ತಿದ್ದಿರಿ. ಗಾಡಿ ಎಳೆಯುತ್ತಿಲ್ಲ ಅಂತ ಆ ಹುಡುಗರು ಗೊಣಗಿಕೊಂಡು ಬಂದರೆ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಗು ತಡೆದುಕೊಳ್ಳುತ್ತಿದ್ದೆವು. ನಿಮ್ಮ ಗುಟ್ಟಿನಲ್ಲಿ ನನಗೂ ಪಾಲು ಸಿಕ್ಕಿತಲ್ಲ ಅಂತ ಎಷ್ಟು ಜಂಬ ನನಗೆ!

ನಮ್ಮೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ, ಬೆಳಗಿನ ಶಿಫ್ಟಿಗೆ ಬಸ್ಸು ನಂಬಿದರೆ ಆಗುವುದಿಲ್ಲ ಅಂತ ಹಳೆಯ ಬೈಕೊಂದನ್ನು ಹೊಸದರ ಹಾಗೆ ಮಾಡಿ ಕೊಟ್ಟವರೂ ನೀವೇ. ನಿಮ್ಮ ಮಗ ಶಿವುವಿಗೂ ಅಂಥದ್ದೇ ಗಾಡಿ, ಅದೇ ಕಂಪನಿ, ಅದೇ ಎಂಜಿನ್ನು. ತೊಂಬತ್ತರ ದಶಕದ ಒಂಟಿಕೊಪ್ಪಲಿನಲ್ಲಿ ಹುಡುಗಿ ಗೇರಿನ ಗಾಡಿ ಓಡಿಸಿಕೊಂಡು ಹೋದರೆ ಗೇಟಿಗೊಬ್ಬರು ಬಂದು ನಿಂತು ನೋಡುತ್ತಿದ್ದರು. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ತಮ್ಮನಾದ ನೀವು ಮಾತ್ರ, "ಓಡಿಸ್ಲಿ ಬುಡಕ್ಕ, ನಮ್ ರೇಣು ಯಾರಿಗೆ ಕಮ್ಮಿ?" ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ಕೆಲ್ಸ ಏನಿದ್ರೂ ನಾನೇ ನೋಡ್ಕೋತೀನಿ. ನೀನು ಕೈ ಹಾಕ್ಬೇಡ" ಅಂದಿರಿ. ಅದನ್ನು ಅಕ್ಕರೆ ಅಂದುಕೊಂಡೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಆವತ್ತು ಶಿವುವೂ ನಾನೂ ಜೊತೆಯಾಗಿ ಹೊರಟಿದ್ದೆವು. ಹೆಬ್ಬಾಳದ ರಸ್ತೆಯಲ್ಲಿ ನಮ್ಮ ಮುಂದೆ ಕಬ್ಬಿನ ಲಾರಿ ಹೋಗುತ್ತಿತ್ತು. ಎದುರಿನ ಬಸ್ಸು ಇನ್ನೂ ದೂರವಿತ್ತು. ಶಿವು ಲಾರಿಯನ್ನು ಸಲೀಸಾಗಿ ದಾಟಿದ. ಅಲ್ಲಿಯವರೆಗೆ ನಲವತ್ತರ ಮೇಲೆ ಓಡಿಸಿದವಳೇ ಅಲ್ಲ ನಾನು, ಆದರೂ ಅದೇ ಗಾಡಿ ತಾನೇ ನನ್ನದೂ ಅಂತ ನಾನೂ ಬಲಕ್ಕೆ ತೆಗೆದೆ. ಪೂರ್ತಿ ರೈಸ್ ಕೊಟ್ಟೆ. ಗಾಡಿ ಸದ್ದು ಮಾಡಿತೇ ಹೊರತು ಎಳೆಯಲಿಲ್ಲ ಮಾವ. ಲಾರಿಯ ಚಕ್ರ ಮೊಣಕಾಲಿನ ಪಕ್ಕದಲ್ಲೇ ತಿರುಗುತ್ತಿತ್ತು, ಬಸ್ಸು ಹಾರ್ನ್ ಹೊಡೆಯುತ್ತಾ ಹತ್ತಿರ ಹತ್ತಿರ... ಬಲಗಡೆ ಹಳ್ಳಕ್ಕೆ ಇಳಿಸಿದ್ದೊಂದೇ ನೆನಪು. ಬಲಗಾಲು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಗೆ ಎಳನೀರು ತಂದು, ಹಾಸಿಗೆಯ ಪಕ್ಕ ಕೂತು ನೀವೇನಂದಿರಿ, ನೆನಪಿದೆಯಾ? "ಗೇರ್ ಇಳಿಸ್ಬೇಕಿತ್ತು ಕಣಮ್ಮ. ಅವಸರ ಮಾಡ್ಬುಟ್ಟೆ." ನಂಬಿದೆ. ನೀವು ಹೇಳಿದ ಮೇಲೆ ಇನ್ನೇನು? ಕೇಳಿದವರಿಗೆಲ್ಲ ನನ್ನದೇ ತಪ್ಪು ಅಂತ ಹೇಳಿಕೊಂಡು ಬಂದೆ. ಆರು ವರ್ಷ ಮುಂದೆ ಎತ್ತಿನಗಾಡಿ ಇದ್ದರೂ ದಾಟದೆ ಅದರ ಹಿಂದೆಯೇ ಹೋದೆ.

ಕಾರ್ಯದ ಮರುದಿನ ಗಾಡಿಯಿಂದ ಪೆಟ್ರೋಲು ಸೋರತೊಡಗಿತು. ನೋಡಿಕೊಳ್ಳಲು ನೀವಿಲ್ಲವಲ್ಲ, ಮೊದಲ ಸಲ ನಾನೇ ಕಾರ್ಬೊರೇಟರ್ ಬಿಚ್ಚಿದೆ. ಬಿಲ್ಲೆ ಕೈಗೆ ಬಂತು. ತೂತು ಕೋಳಿಮೊಟ್ಟೆಯ ಹಾಗಿತ್ತು.

ಅಮ್ಮ ಹಾಕಿಸಿದ್ದಿರಬಹುದು ಅಂತ ಓಡಿಹೋಗಿ ಕೇಳಿದೆ. "ನಾನ್ಯಾಕೆ ಹಾಕಿಸ್ಲಿ? ಗಾಡೀನೇ ಬೇಡ ಅಂದೋಳು ಕಣೇ ನಾನು!" ಅಂದಳು. ಶಿವುವಿನ ಗಾಡಿಯನ್ನೂ ಬಿಚ್ಚಿ ನೋಡಿದೆ. ಏನೂ ಇರಲಿಲ್ಲ. ನಾನೇ ಉಜ್ಜಿ ಕೊಟ್ಟದ್ದನ್ನು ನನಗೇ ಹಾಕಿದಿರಿ, ಮಗನಿಗೆ ಹಾಕಲಿಲ್ಲ, ಆಮೇಲೆ ಇಬ್ಬರನ್ನೂ ಒಂದೇ ರಸ್ತೆಗೆ ಜೋಡಿಯಾಗಿ ಕಳಿಸಿದಿರಿ. ಹಳ್ಳದಿಂದ ಎತ್ತಿ ತಂದ ಗಾಡಿಯನ್ನು ರಿಪೇರಿ ಮಾಡಿದ್ದೂ ನೀವೇ ಅಲ್ಲವೇ? ಆಗ ಬಿಲ್ಲೆ ನಿಮ್ಮ ಅಂಗೈಗೆ ಬಂದಿರಬೇಕು. ಅದನ್ನು ಒರೆಸಿ ಮತ್ತೆ ಅಲ್ಲೇ ಕೂರಿಸಿದಿರಿ.

ನಿಧಾನ ಹೋದರೆ ಮಕ್ಕಳು ಉಳಿಯುತ್ತಾರೆ ಅಂತ ನೀವು ಹೇಳುತ್ತಿದ್ದಿರಿ. ಅದು ಸುಳ್ಳು ಅನ್ನುವ ಧೈರ್ಯ ಇವತ್ತಿಗೂ ನನಗಿಲ್ಲ. ಆ ಹುಡುಗರಲ್ಲಿ ಕೆಲವರು ಬಿಲ್ಲೆಯಿಂದಲೇ ಉಳಿದು, ಈಗ ಮಕ್ಕಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಓಡಾಡುತ್ತಿರಬಹುದು. ನನ್ನನ್ನೂ ಅದೇ ಎಷ್ಟು ಸಲ ಕಾಪಾಡಿತೋ, ಯಾರಿಗೆ ಗೊತ್ತು? ಆದರೆ ನನ್ನ ಗಾಡಿಯ ಕಸುವು ಅರ್ಧವೇ ಅಂತ ಗೊತ್ತಿದ್ದರೆ ಆ ಲಾರಿಯ ಪಕ್ಕಕ್ಕಾದರೂ ಹೋಗುತ್ತಿದ್ದೆನಾ? ಬಿಲ್ಲೆ ಹಾಕಿದ್ದಕ್ಕೆ ನಿಮ್ಮನ್ನು ಕ್ಷಮಿಸಿಬಿಡುತ್ತಿದ್ದೆ ಮಾವ. ಹಾಕಿಲ್ಲ ಅನ್ನುವ ಹಾಗೆ ಎಳನೀರು ಕುಡಿಸಿದಿರಲ್ಲ, ಅದು ಗಂಟಲಲ್ಲೇ ನಿಂತಿದೆ.

ನಿಮಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಗ್ಯಾರೇಜನ್ನು ಈಗ ಶಿವು ನೋಡಿಕೊಳ್ಳುತ್ತಾನೆ, ಭಾನುವಾರ ನಾನೂ ಹೋಗುತ್ತೇನೆ. ಹೋದ ವಾರ ಒಬ್ಬರು ಮಗಳ ಬೈಕು ತಂದು, ಅವಳು ಅತ್ತ ಹೋದ ಕೂಡಲೇ ಅದೇ ಹಳೆಯ ಪಿಸುಮಾತು ಶುರು ಮಾಡಿದರು. "ಹಾಕ್ತೀನಿ ಸಾರ್, ಆದ್ರೆ ಅವಳ ಕಣ್ಣೆದುರಿಗೇ ಹಾಕೋದು" ಅಂದೆ. ಅವರ ಮುಖ ಹುಳ್ಳಗಾಯಿತು, ಆಗಲಿ ಬಿಡಿ. ಹುಡುಗಿಯನ್ನು ಕೂಗಿ ಕೈಗೆ ಅರ ಕೊಟ್ಟೆ, ತೂತು ಅವಳೇ ಉಜ್ಜಿದಳು. "ಇದಿರೋವರ್ಗೂ ಲಾರಿ, ಬಸ್ಸು ದಾಟೋಕೆ ಹೋಗ್ಬೇಡ. ಕೈ ಕುದುರಿದ್ಮೇಲೆ ಬಾ, ತೆಗ್ದುಕೊಡ್ತೀನಿ" ಅಂದೆ.

"ನಿಮ್ ಗಾಡೀಲೂ ಇತ್ತಾ ಅಕ್ಕಾ?" ಅಂತ ಕೇಳಿದಳು.

ಗೋಡೆಯ ಮೇಲೆ ನಿಮ್ಮ ಫೋಟೋ ಇತ್ತು. "ಇತ್ತು ಕಣಮ್ಮ. ನಮ್ಮಾವ ನಂಗೆ ಹೇಳಿಯೇ ಹಾಕಿದ್ರು" ಅಂದುಬಿಟ್ಟೆ.

ಅವಳು ನಿಮ್ಮ ಫೋಟೋಗೆ ಕೈ ಮುಗಿದಳು. ನಾನು ಮುಗಿಯಲಿಲ್ಲ. ಅವಳು ಬಿಲ್ಲೆ ತೆಗೆಸಲು ಬರುತ್ತಾಳಲ್ಲ, ಆವತ್ತು ನಿಜ ಹೇಳುತ್ತೇನೆ.

ನಿಮ್ಮ
ರೇಣು