ಲಕ್ಕಮ್ಮ ಶಾರ್ಕ್ ನೋಡಲು ಇಳಿದದ್ದು

ಮಾಲ್ಡೀವ್ಸ್
೧೦ ಅಕ್ಟೋಬರ್ ೨೦೦೩, ಶುಕ್ರವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯುವುದಿದ್ದರೆ ಈ ಸಾಲಿನಲ್ಲೇ ಬೈದು ಮುಗಿಸಿಬಿಡು, ಮುಂದಿನದನ್ನು ಸಮಾಧಾನವಾಗಿ ಓದು. ನಾವಿಬ್ಬರೂ ಚೆನ್ನಾಗಿದ್ದೇವೆ. ಶಾಲೆಯಲ್ಲಿ ಇವರಿಗೆ ಎಂಟನೇ ಕ್ಲಾಸಿನ ಲೆಕ್ಕದ ಜೊತೆ ಒಂಬತ್ತನೆಯದನ್ನೂ ಹಚ್ಚಿದ್ದಾರೆ, ನನಗೆ ಎಂದಿನಂತೆ ಬಯಾಲಜಿ. ಇಲ್ಲಿಗೆ ಬಂದು ಎರಡು ವರ್ಷವಾದರೂ ಸೊಪ್ಪಿನ ಆಸೆ ಹೋಗಿಲ್ಲ. ಹೋದ ವಾರ ರಾಜಧಾನಿ ಮಾಲೆಯಿಂದ ಬಂದ ದೋಣಿಯಲ್ಲಿ ಒಂದು ಕಟ್ಟು ದಂಟು ಸಿಕ್ಕಿತು. ಇವರು ಅದನ್ನು ಮದುವೆ ಸೀರೆ ಹಿಡಿದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡು ಬಂದರು.

ದೀಪು ಹಾಸನದಲ್ಲಿ ಪಿಯುಸಿಗೆ ಸೇರಿದ್ದು, ಸೈನ್ಸ್ ತೆಗೆದುಕೊಂಡದ್ದು ತಿಳಿದು ಸಂತೋಷವಾಯಿತು. ಹಳ್ಳಿಮೈಸೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೋ, ಹಾಸ್ಟೆಲಿಗೆ ಹಾಕಿದ್ದೀರೋ ನೀನು ಬರೆದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಸಮುದ್ರದೊಳಕ್ಕೆ ಇಳಿಯುವುದನ್ನು ಕಲಿಯುತ್ತಿದ್ದೇನೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಅದರ ಕೊಳವೆ ಕಚ್ಚಿಕೊಂಡು, ಉಸಿರಾಡುತ್ತಲೇ ನೀರಿನಡಿ ಇಳಿಯುವುದು. ಪಕ್ಕದ ದ್ವೀಪದಲ್ಲಿ ವಿದೇಶೀಯರಿಗೆ ಇದನ್ನು ಕಲಿಸುವ ಶಾಲೆಯಿದೆ. ಅಲ್ಲಿನ ಮೇಷ್ಟ್ರು ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ. ಹೆಸರು ಹಸನ್. ನನ್ನ ಜಿಲ್ಲೆ ಹಾಸನ ಎಂದಾಗ ಅವರು ಬಹಳ ಹೊತ್ತು ನಕ್ಕರು. ಅವರದು ಸಿನಿಮಾ ನೋಡಿ ಕಲಿತ ಹಿಂದಿ, ನನ್ನದು ಪರೀಕ್ಷೆ ಕಟ್ಟಿ ಕಲಿತ ಹಿಂದಿ. ಹೇಗೋ ನಡೆಯುತ್ತದೆ.

ಯಾಕೆ ಈ ಹುಚ್ಚು ಎನ್ನುತ್ತೀಯ. ಹೊಳೆನರಸೀಪುರದಲ್ಲಿ ಪಾರ್ಟ್‌ಟೈಮ್ ಲೆಕ್ಚರರ್ ಆಗಿ ಹದಿನಾಲ್ಕು ವರ್ಷ ನಾನು ಪಾಠ ಮಾಡಿದ್ದು ಶಾರ್ಕ್ ಮೀನಿನದು. ಮಂಗಳೂರಿನಿಂದ ಡ್ರಮ್ಮಿನಲ್ಲಿ, ಫಾರ್ಮಲಿನ್‌ನಲ್ಲಿ ಮುಳುಗಿಸಿದ ಮೊಳದುದ್ದದ ಮರಿಗಳು ಬರುತ್ತಿದ್ದವು. ಅವುಗಳ ತಲೆ ಬಿಡಿಸಿ ನರಗಳನ್ನು ತೋರಿಸುವುದು ಬಿ.ಎಸ್ಸಿ. ಮಕ್ಕಳ ಪ್ರಾಕ್ಟಿಕಲ್ಲು. ದೀಪು ನಮ್ಮ ಮನೆಯಲ್ಲಿದ್ದ ಹತ್ತು ವರ್ಷದಲ್ಲಿ ಎಷ್ಟೋ ಶನಿವಾರ ನನ್ನ ಜೊತೆ ಲ್ಯಾಬಿಗೆ ಬರುತ್ತಿದ್ದಳು. ಒಮ್ಮೆ, ಎಂಟು ವರ್ಷದವಳಿರಬೇಕು, ಟ್ರೇ ಮೇಲೆ ಬಗ್ಗಿ ನೋಡಿ, “ಇದು ಬದುಕಿದ್ದಾಗ ಹೆಂಗೆ ಹೋಗ್ತಿತ್ತು?” ಎಂದು ಕೇಳಿದಳು. ನಾನು ಕೈ ಆಡಿಸಿ ತೋರಿಸಿದೆ. ಆಮೇಲೆ ಅನ್ನಿಸಿತು, ನಾನಾದರೂ ಎಲ್ಲಿ ನೋಡಿದ್ದೇನೆ? ಪುಸ್ತಕದ ಚಿತ್ರ ನೋಡಿ ಕೈ ಆಡಿಸಿದ್ದೆ.

ಇಲ್ಲಿ ಒಂದು ಜಾಗವಿದೆ. ಹವಳದ ದಿಬ್ಬ ಮುಗಿದು ಸಮುದ್ರ ಒಮ್ಮೆಲೇ ಆಳಕ್ಕೆ ಬೀಳುವ ಅಂಚು. ಚಳಿಗಾಲದ ಬೆಳಗಿನಲ್ಲಿ ಸುತ್ತಿಗೆಯಂಥ ತಲೆಯ ಶಾರ್ಕುಗಳು ಅಲ್ಲಿ ಗುಂಪಾಗಿ ಸುಳಿಯುತ್ತವಂತೆ. ಅದನ್ನು ನೋಡಬೇಕಾದರೆ ಮೂವತ್ತು ಮೀಟರ್ ಇಳಿಯಬೇಕು. ಅಪ್ಪ ನಮಗೆ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿ ಈಜು ಕಲಿಸಿದ ತೋಟದ ಬಾವಿ ನೆನಪಿದೆಯಲ್ಲ, ಅಂಥ ಮೂರು ಬಾವಿ ಒಂದರ ಕೆಳಗೊಂದು ಇಟ್ಟಷ್ಟು ಆಳ. ಹೊಸಬರನ್ನು ಅಷ್ಟು ಕೆಳಗೆ ಬಿಡುವುದಿಲ್ಲ. ಒಂದು ಪರೀಕ್ಷೆ ಮುಗಿಸಿದರೆ ಹದಿನೆಂಟು ಮೀಟರ್, ಇನ್ನೊಂದು ಮುಗಿಸಿದರೆ ಮೂವತ್ತು.

ಮೂರು ಶುಕ್ರವಾರ ಆಯಿತು. ಕಪ್ಪು ರಬ್ಬರಿನ ಬಿಗಿ ಉಡುಪು ಹಾಕಿಕೊಂಡು ಮೊದಲ ದಿನ ಇವರ ಮುಂದೆ ಬರಲು ನಾಚಿಕೆಯಾಯಿತು. ಇವರು ಕನ್ನಡಕ ಒರೆಸಿಕೊಂಡು ನೋಡಿ, “ಟ್ರಾಕ್ಟರ್ ಟ್ಯೂಬ್ ಎದ್ದು ನಡೆದಂಗೆ ಕಾಣ್ತೀಯ” ಎಂದರು. ಇವರು ನೀರಿಗೆ ಕಾಲು ಹಾಕುವವರಲ್ಲ. ದಡದ ಮರದಡಿ ಉತ್ತರಪತ್ರಿಕೆ ತಿದ್ದುತ್ತಾ ಕೂರುತ್ತಾರೆ. ಆದರೆ ಬೇಡ ಎಂದು ಒಂದು ಸಲವೂ ಅನ್ನಲಿಲ್ಲ.

ಇಳಿಯುವಾಗ ಕಿವಿಯೊಳಗೆ ಬೆರಳಿಟ್ಟು ಒತ್ತಿದಂತೆ ನೋವು. ಮೂಗು ಹಿಡಿದು ಮೆಲ್ಲಗೆ ಊದಿದರೆ ಟಪ್ಪೆಂದು ಬಿಡುತ್ತದೆ. ಮತ್ತೆ ಒಂದು ಮೀಟರ್, ಮತ್ತೆ ಊದು. ಯಾವಾಗಲೂ ಉಸಿರು ಕಟ್ಟಬಾರದು, ಇದೊಂದೇ ಮಂತ್ರ ಎಂದು ಹಸನ್ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾರೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಂಡಿನೋವಿಗೆ ಏನು ಮಾಡಿದೆ ಬರೆ.

ನಿನ್ನ
ಲಕ್ಕಿ


ಮಾಲ್ಡೀವ್ಸ್
೧೩ ಫೆಬ್ರವರಿ ೨೦೦೪, ಶುಕ್ರವಾರ

ಪ್ರೀತಿಯ ಅಕ್ಕ,

ಈ ಸಲವೂ ತಡವೇ. ಆದರೆ ಈ ಸಲ ಕಾರಣವಿದೆ. ಆಗುತ್ತದೋ ಇಲ್ಲವೋ ತಿಳಿಯದೆ ಬರೆಯುವುದು ಬೇಡ ಎಂದು ಕೂತಿದ್ದೆ. ನೀನು ಬರೆದಿದ್ದೆಯಲ್ಲ, “ಮೀನಿನ ಬಾಯಿಗೆ ಓಗಕ್ಕೆ ಎಮ್ಮೆಸ್ಸಿ ಓದ್ಬೇಕಿತ್ತೇನೆ ಲಕ್ಕಿ, ಸುಮ್ಕಿರೆ” ಎಂದು. ಭಾವನವರು, “ನೀರಿಗೆ ಬೀಳಕ್ಕೆ ಅಷ್ಟು ದೂರ ಯಾಕ್ ಓಗ್ಬೇಕಿತ್ತು, ನಮ್ಮೂರ ಚಾನಲ್ ಇಲ್ವಾ” ಎಂದು ನಕ್ಕರೆಂದೂ ಬರೆದಿದ್ದೆ. ಅದನ್ನು ಓದಿ ಇವರೂ ನಕ್ಕರು. ನನಗೆ ಆ ವಾರ ನಗು ಬರಲಿಲ್ಲ. ನಿನ್ನ ಕಾಗದ ತಲುಪಿದ್ದು ನಾನು ನೀರಿಗೆ ಹೆದರಿ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ.

ಆದದ್ದು ಹೀಗೆ. ಹತ್ತು ಮೀಟರ್ ಆಳದಲ್ಲಿ, ಕಣ್ಣು ಮೂಗು ಮುಚ್ಚುವ ಗಾಜಿನೊಳಕ್ಕೆ ಬೇಕೆಂದೇ ನೀರು ಬಿಟ್ಟುಕೊಂಡು, ಮೂಗಿನಿಂದ ಊದಿ ಹೊರಗೆ ಹಾಕಬೇಕು. ಎರಡು ಸಲ ಮಾಡಿದ್ದೆ. ಮೂರನೇ ಸಲ ಊದುವ ಬದಲು ಮೂಗಿನಿಂದ ಉಸಿರೆಳೆದೆ. ಉಪ್ಪುನೀರು ನೆತ್ತಿಗೆ ಹತ್ತಿತು. ಆಮೇಲೆ ನನಗೆ ಯಾವ ಪಾಠವೂ ನೆನಪಿಲ್ಲ. ಮೇಲೆ ಹೋಗಬೇಕು, ಅಷ್ಟೇ. ಉಸಿರು ಕಟ್ಟಿ ಕಾಲು ಬಡಿದೆ. ಹಾಗೆ ಉಸಿರು ಕಟ್ಟಿ ಮೇಲೆ ನುಗ್ಗಿದರೆ ಎದೆಯೊಳಗಿನ ಗಾಳಿ ಉಬ್ಬಿ ಶ್ವಾಸಕೋಶವೇ ಒಡೆಯಬಹುದು. ಹಸನ್ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ಜಗ್ಗಿ, ಕಣ್ಣಿಗೆ ಕಣ್ಣಿಟ್ಟು, ತಮ್ಮ ಬಾಯಿಂದ ಗುಳ್ಳೆ ಬಿಟ್ಟು ತೋರಿಸಿದರು. ನಾನೂ ಬಿಟ್ಟೆ. ಆ ಗುಳ್ಳೆಗಳಿಗಿಂತ ನಿಧಾನವಾಗಿ ಇಬ್ಬರೂ ಮೇಲೆ ಬಂದೆವು. ದೋಣಿಯಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾಲ್ಕು ಶುಕ್ರವಾರ ನಾನು ಹೋಗಲಿಲ್ಲ. ತಲೆನೋವು, ಪ್ರಶ್ನೆಪತ್ರಿಕೆ, ಏನೇನೋ ನೆವ. ಐದನೆಯ ವಾರ ಇವರು ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ನೀರು ತುಂಬಿಸಿ ಅಂಗಳದಲ್ಲಿಟ್ಟರು. “ಸಮುದ್ರ ಬ್ಯಾಡ. ಇದ್ರಲ್ಲಿ ಮುಖ ಇಡು, ನಾನು ಎಣಿಸ್ತೀನಿ” ಎಂದರು. ನಲವತ್ತು ದಾಟಿದ ಹೆಂಗಸು ಟಬ್ಬಿನಲ್ಲಿ ಮುಖ ಅದ್ದಿಕೊಂಡು ಕೂತಿದ್ದನ್ನೂ, ಲೆಕ್ಕದ ಮೇಷ್ಟ್ರು ಗಡಿಯಾರ ಹಿಡಿದು ಎಣಿಸುವುದನ್ನೂ ಬೇಲಿಯಾಚೆಯ ಹೆಂಗಸರು ನೋಡಿ ಏನೆಂದುಕೊಂಡರೋ. ದಿನಾ ಶಾಲೆ ಬಿಟ್ಟ ಮೇಲೆ ಅದೇ ಕೆಲಸ. ಮೂಗಿಗೆ ನೀರು ಬಂದರೂ, ನೀರಿನ ಮೇಲಕ್ಕೆ ಚಾಚಿದ ಗಿಡ್ಡ ಕೊಳವೆ ಕಚ್ಚಿ ಬಾಯಿಂದ ಉಸಿರಾಡುತ್ತಾ ಸುಮ್ಮನಿರುವುದು. ಹನ್ನೆರಡನೆಯ ದಿನ ಇವರು ಮುನ್ನೂರರವರೆಗೆ ಎಣಿಸಿ, ಸಾಕಾಗಿ, ಬೆನ್ನು ತಟ್ಟಿ ಎಬ್ಬಿಸಿದರು. ಆ ಶುಕ್ರವಾರ ಹಸನ್ ಹತ್ತಿರ ಹೋದೆ. ಅವರು ನನ್ನ ಸಿಲಿಂಡರ್ ತೆಗೆದು ಮುಂದಿಟ್ಟರು.

ಡಿಸೆಂಬರಿನಲ್ಲಿ ಮೊದಲ ಪರೀಕ್ಷೆ ಆಯಿತು. ಜನವರಿಯಲ್ಲಿ ಆಳದ ಅಭ್ಯಾಸ. ಅಷ್ಟು ಕೆಳಗೆ ತಲೆಗೆ ಸ್ವಲ್ಪ ಮಂಕು ಹಿಡಿಯುತ್ತದೆ, ಹೆಂಡ ಕುಡಿದವರ ಹಾಗೆ. ಅದನ್ನು ತಿಳಿಯಲು ಕೆಳಗೆ ಒಂದು ಹಲಗೆ ಕೊಟ್ಟು ಲೆಕ್ಕ ಮಾಡಿಸುತ್ತಾರೆ. ಹದಿನೇಳೆಂಟಲೆ ಎಷ್ಟು ಎಂದಿತ್ತು. ನಾನು ಬಹಳ ಯೋಚಿಸಿ ನೂರ ಇಪ್ಪತ್ತಾರು ಎಂದು ಬರೆದೆ, ಬರೆದು ತೃಪ್ತಿಯಿಂದ ಎರಡು ಗೆರೆ ಬೇರೆ ಎಳೆದೆ. ಇವರು ಆ ಹಲಗೆಯನ್ನು ಕೇಳಿ ತಂದು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದಾರೆ.

ಇವತ್ತು ಬೆಳಗ್ಗೆ ಇಳಿದೆವು, ಅಕ್ಕ. ಆರು ಗಂಟೆಗೆ ದೋಣಿ ಬಿಟ್ಟಿತು. ನಾನು, ಹಸನ್, ಜೊತೆಗೆ ಜರ್ಮನಿಯ ಗಂಡಹೆಂಡತಿ. ನೀರಿನೊಳಗೆ ಹವಳದ ದಿಬ್ಬದ ಅಂಚು ದಾಟಿದ ಮೇಲೆ ಕೆಳಗೆ ನೆಲವಿಲ್ಲ, ಪಕ್ಕದಲ್ಲಿ ಗೋಡೆಯಿಲ್ಲ, ಎಲ್ಲ ಕಡೆಯೂ ಒಂದೇ ನೀಲಿ. ಮೇಲೆ ಯಾವುದು ಕೆಳಗೆ ಯಾವುದು ಎಂದು ಗುಳ್ಳೆ ನೋಡಿ ತಿಳಿಯಬೇಕು. ಆಳ ತೋರಿಸುವ ಮುಳ್ಳು ಇಪ್ಪತ್ತೊಂಬತ್ತಕ್ಕೆ ಬಂದಾಗ ಹಸನ್ ನಿಲ್ಲುವಂತೆ ಕೈ ಮಾಡಿದರು. ಕೈ ಕಟ್ಟಿಕೊಂಡು ತೇಲುತ್ತಾ ಕಾದೆವು. ಐದು ನಿಮಿಷ, ಆರು ನಿಮಿಷ. ಅಲ್ಲಿ ಹೆಚ್ಚು ಹೊತ್ತು ಇರುವಂತಿಲ್ಲ. ಸಿಗದಿದ್ದರೂ ಬೇಸರವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳತೊಡಗಿದ್ದೆ. ಸುಳ್ಳು.

ಅವು ಕೆಳಗಿನಿಂದ ಬಂದವು. ಮೊದಲು ಒಂದು ನೆರಳು, ಆಮೇಲೆ ಅದರ ಹಿಂದೆ ಒಂದೊಂದಾಗಿ, ಒಟ್ಟು ಏಳು. ಒಂದೊಂದೂ ನಮ್ಮ ಎತ್ತಿನಗಾಡಿಯ ಮೂಕಿಯಷ್ಟು ಉದ್ದ. ಅಗಲವಾದ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ, ಏನನ್ನೋ ಹುಡುಕುವವರಂತೆ, ಅವಸರವಿಲ್ಲದೆ ನಮ್ಮನ್ನು ದಾಟಿದವು. ಒಂದು ನನ್ನ ಕಡೆ ವಾಲಿ, ಒಂದು ಬದಿಯ ಕಣ್ಣಿನಿಂದ ನೋಡಿ, ನನ್ನಲ್ಲಿ ಅದಕ್ಕೆ ಬೇಕಾದದ್ದು ಏನೂ ಕಾಣದೆ, ತನ್ನ ಗುಂಪಿಗೆ ಸೇರಿಕೊಂಡಿತು. ಹೆದರಿಕೆ ಆಗಲಿಲ್ಲ. ಇಷ್ಟು ವರ್ಷ ಕತ್ತರಿ ಹಿಡಿದು ಬಿಡಿಸಿ ತೋರಿಸಿದ ನರಗಳೆಲ್ಲ ಆ ಚರ್ಮದೊಳಗೆ ಕೆಲಸ ಮಾಡುತ್ತಿವೆಯಲ್ಲ ಎಂದುಕೊಂಡೆ. ಎರಡು ನಿಮಿಷವಿರಬಹುದು. ಆಮೇಲೆ ಬರೀ ನೀಲಿ.

ದೋಣಿಗೆ ಹತ್ತಿದ ಮೇಲೆ ಕೊಬ್ಬರಿ, ಈರುಳ್ಳಿ, ಮೀನು ಕಲಸಿದ್ದನ್ನು ರೊಟ್ಟಿಯ ಜೊತೆ ಕೊಟ್ಟರು. ಮೂರು ರೊಟ್ಟಿ ತಿಂದೆ. ದಡದಲ್ಲಿ ಇವರು ಎದ್ದು ನಿಂತಿದ್ದರು. “ಬಂದ್ವಾ?” ಎಂದರು. “ಏಳು” ಎಂದೆ. ಇವರು ತಲೆಯಾಡಿಸಿ ನನ್ನ ಒದ್ದೆ ಚೀಲ ಎತ್ತಿಕೊಂಡರು.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೀಪು ಪರೀಕ್ಷೆ ಚೆನ್ನಾಗಿ ಬರೆಯಲಿ, ಅವಳು ಹೋಗಬೇಕೆಂದ ದಾರಿ ಅವಳಿಗೆ ತೆರೆಯಲಿ.

ನಿನ್ನ
ಲಕ್ಕಿ

ತಾ.ಕ.: ಈ ಹಾಳೆಯನ್ನು ಬೇರೆಯಾಗಿ ಮಡಿಸಿದ್ದೇನೆ. ಆ ಕಾಗದವನ್ನು ಎಲ್ಲರಿಗೂ ಓದಿ ಹೇಳು, ಇದು ನಿನಗೊಬ್ಬಳಿಗೆ.

ಇಳಿಯುವ ಮೊದಲು ಒಂದು ಫಾರಂ ತುಂಬಿಸಿಕೊಂಡರು. ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಎರಡು ಹೆಸರು. ಮೊದಲನೆಯದು ಇವರದು. ಎರಡನೆಯದಕ್ಕೆ ನಿನ್ನ ಹೆಸರು ಬರೆಯಬೇಕಾಗಿತ್ತು. ನಾನು ದೀಪಶ್ರೀ ಎಂದು ಬರೆದೆ. ಸಂಬಂಧ ಎಂಬ ಕಡೆ ‘ಮಗಳು’ ಎಂದು ಬರೆದೆ.

ಮಕ್ಕಳಿಲ್ಲದ ನನ್ನ ಮನೆಗೆ ಮೂರು ವರ್ಷದ ಅವಳನ್ನು ನೀನೇ ತಂದು ಬಿಟ್ಟೆ. ಹದಿಮೂರಕ್ಕೆ ದೊಡ್ಡವಳಾದಾಗ ಭಾವನವರು ಬಂದು, “ಎಣ್ಣುಮಗ ನಮ್ಮನೇಲೇ ಇರ್ಬೇಕು ಕಣಮ್ಮ, ನಾಳೆ ಗಂಡಿನ ಕಡೆಯೋರು ಯಾರ ಮಗ್ಳು ಅಂತ ಕೇಳ್ತಾರೆ” ಎಂದರು. ನೀನು ಅವಳ ಬಟ್ಟೆ ಮಡಿಸುತ್ತಾ ಕೂತಿದ್ದೆ. ನಿನ್ನ ಮಗು, ನಾನು ಎದುರಾಡುವ ಹಾಗಿರಲಿಲ್ಲ. ತಿಂಗಳ ಮೇಲೆ ಹಳ್ಳಿಮೈಸೂರಿಗೆ ಬಂದಾಗ, ಹತ್ತು ವರ್ಷ ಅಮ್ಮ ಎಂದು ಕರೆದವಳು “ಬಾ ಚಿಕ್ಕವ್ವ” ಎಂದಳು. ಎಂದು, ಸರಿಯಾಗಿ ಅಂದೆನೋ ಇಲ್ಲವೋ ಎನ್ನುವಂತೆ ನಿನ್ನ ಮುಖ ನೋಡಿದಳು. ನಾನು ಕಾಫಿ ಕುಡಿದು ಸಂಜೆ ಬಸ್ಸಿಗೆ ಹೊರಟೆ. ಹೆಚ್ಚಿನ ಸಂಬಳಕ್ಕೆ ಇಷ್ಟು ದೂರ ಬಂದೆವೆಂದು ಊರಿನವರೆಲ್ಲ ತಿಳಿದಿದ್ದಾರೆ. ನೀನೂ ಹಾಗೇ ತಿಳಿದಿದ್ದೀಯೋ ಏನೋ.

ಹಸನ್ ಫಾರಂ ನೋಡಿ, “ಮಗಳಿದ್ದಾಳಾ ಟೀಚರ್? ಹೇಳಲೇ ಇಲ್ಲ” ಎಂದರು. “ಇದ್ದಾಳೆ, ಓದುತ್ತಿದ್ದಾಳೆ” ಎಂದೆ.

ಆ ಫಾರಂ ಇನ್ನೊಂದು ವರ್ಷ ಅವರ ಫೈಲಿನಲ್ಲಿರುತ್ತದೆ. ನಿನ್ನನ್ನು ಕೇಳದೆ ಬರೆದಿದ್ದೇನೆ ಅಕ್ಕ. ಬೇಡವೆನಿಸಿದರೆ ಒಂದು ಸಾಲು ಹಾಕು, ಹೋಗಿ ಅದನ್ನು ಹೊಡೆದುಹಾಕಿ ನಿನ್ನ ಹೆಸರು ಬರೆದು ಬರುತ್ತೇನೆ. ನೀನು ಬರೆಯದಿದ್ದರೆ ಅದು ಹಾಗೇ ಇರಲಿ.