ಲೈನ್ ಡೊಂಕು

ಮನೆ, ಬೀದಿ ಬದಿಯ ಕೋಣೆ
ಹನ್ನೊಂದನೇ ತಾರೀಕು, ಬುಧವಾರ

ಪ್ರೀತಿಯ ಮಗೂ,

ನಲವತ್ತಕ್ಕೆ ಹತ್ತಿರ ಬಂದವನನ್ನು ಮಗೂ ಎಂದರೆ ನಗುತ್ತೀಯೇನೋ. ನಗು, ಪರವಾಗಿಲ್ಲ. ಹೇಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನರ್ಸುಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಬಸ್ಸಿಗೆ ಈಗಲೂ ನಿನ್ನನ್ನೇ ಹಾಕಿದ್ದಾರೆಯೇ? ಕಿಟಕಿಗಳನ್ನು ತೆರೆದಿಡು. ಮಾಸ್ಕನ್ನು ಮೂಗಿನ ಕೆಳಗೆ ಜಾರಿಸಿಕೊಂಡು ಓಡಿಸಬೇಡ. ನನಗೆ ಜ್ವರ ಬಿಟ್ಟು ಏಳು ತಿಂಗಳಾಯಿತು, ಉಸಿರು ಮಾತ್ರ ಪೂರ್ತಿ ವಾಪಸು ಬಂದಿಲ್ಲ. ಫೋನಿನಲ್ಲಿ ಎರಡು ಮಾತಾಡಿದರೆ ಮೂರನೆಯದಕ್ಕೆ ಗಾಳಿ ಸಾಲುವುದಿಲ್ಲ. ಕಾಗದದಲ್ಲಾದರೆ ಎಲ್ಲಿ ಬೇಕಾದರೂ ನಿಂತು ಸುಧಾರಿಸಿಕೊಳ್ಳಬಹುದು, ನಿಂತದ್ದು ನಿನಗೆ ಕಾಣುವುದಿಲ್ಲ. ಅಲ್ಲದೆ ನೀನು ಕೊಳಲು ಕೆಳಗಿಟ್ಟಂದಿನಿಂದ ನಾವಿಬ್ಬರೂ ಫೋನಿನಲ್ಲಿ ಆರೋಗ್ಯ ವಿಚಾರಿಸಿಕೊಂಡಿದ್ದು ಬಿಟ್ಟರೆ ಬೇರೆ ಏನು ಮಾತಾಡಿದ್ದೇವೆ ಹೇಳು.

ನಿನ್ನ ಅಮ್ಮ ಹೋಗಿ ನಾಳೆಗೆ ಐವತ್ತು ದಿನ. ರಸ್ತೆಗಳೆಲ್ಲ ಮುಚ್ಚಿದ್ದವು, ನೀನು ಬರಲಾಗಲಿಲ್ಲ. ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಇಲ್ಲೇ ಇದ್ದ ನನ್ನನ್ನೂ ಆಸ್ಪತ್ರೆಯ ಗೇಟಿನಿಂದಾಚೆ ಬಿಡಲಿಲ್ಲವಲ್ಲ.

ನಿನಗೆ ಗೊತ್ತಿಲ್ಲದ ಒಂದು ಕಳ್ಳತನದ ಸಂಗತಿ ಇದೆ. ನಾನು ಜ್ವರದಿಂದ ಎದ್ದ ಮೇಲೆ ಪಾಠವನ್ನು ಕಂಪ್ಯೂಟರಿನಲ್ಲಿ ಶುರು ಮಾಡಿಸಿದ್ದು ಅವಳೇ. "ಸುಮ್ನೆ ಕೂತ್ರೆ ತುಕ್ಕು ಹಿಡೀತೀರಿ" ಎಂದಳು. ಪರದೆಯಲ್ಲಿ ಹತ್ತು ಚೌಕ, ಚೌಕಕ್ಕೊಂದು ಮಗು. ಮೊದಲ ಪಾಠಗಳು ಹೇಗೋ ಸಾಗಿದವು. ಉದ್ದ ಸ್ವರದ ಪಾಠ ಬಂತು ನೋಡು, ನನ್ನ ಬಣ್ಣ ಬಯಲಾಗುವ ಹೊತ್ತು. ಒಂದೇ ಉಸಿರಿನಲ್ಲಿ ಸ್ವರ ಹಿಡಿದು ತೋರಿಸಬೇಕು, ಐದು ಎಣಿಸುವಷ್ಟರಲ್ಲಿ ನನ್ನ ಎದೆ ಖಾಲಿ. ಕೊಳಲು ಮೇಷ್ಟ್ರಿಗೆ ಉಸಿರಿಲ್ಲ ಎಂದು ಮಕ್ಕಳಿಗೆ ಹೇಗೆ ಹೇಳಲಿ? ನಿನ್ನ ಅಮ್ಮ ಇಂಟರ್ನೆಟ್ ಪೆಟ್ಟಿಗೆಯ ಸ್ವಿಚ್ಚಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ನನ್ನ ಭುಜ ಮೇಲೇರಿದ್ದು ಕಂಡರೆ ಸಾಕು, ಟಕ್ಕನೆ ಆರಿಸುವಳು. ನಾನು ಕೆಮ್ಮಿ, ನೀರು ಕುಡಿದು, ಮುಖ ಒರೆಸಿಕೊಂಡ ಮೇಲೆ ಮತ್ತೆ ಹಾಕುವಳು. ಮಕ್ಕಳಿಗೆ "ಲೈನ್ ಹೋಗಿತ್ತು" ಎನ್ನುವುದು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ನಿಮಗೆ ಲೈನ್ ಡೊಂಕು" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ನಗದೆ, "ಮಗನ್ನ ಕರೀರಿ, ಅವನು ಊದಿ ತೋರಿಸ್ತಾನೆ" ಎಂದಳು. ನಾನು "ಅವನಿಗೆಲ್ಲಿದೆ ಉಸಿರು" ಎಂದುಬಿಟ್ಟೆ. ಅವತ್ತು ಅವಳು ಸ್ವಿಚ್ಚನ್ನು ತುಂಬಾ ಹೊತ್ತು ಹಾಕಲೇ ಇಲ್ಲ.

ಜ್ವರ ಎರಡನೆಯ ಸಲ ನಮ್ಮ ಬೀದಿಗೆ ಬಂದಾಗ ನನ್ನನ್ನು ಬಿಟ್ಟು ಅವಳನ್ನು ಹಿಡಿಯಿತು. ಆಂಬುಲೆನ್ಸ್ ಹತ್ತುವಾಗಲೂ "ಮಂಗಳವಾರದ ಪಾಠ ತಪ್ಪಿಸ್ಬೇಡಿ, ಸ್ವಿಚ್ಚಿಗೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದಳು. ಅದೇ ಕೊನೆಯ ಮಾತು. ಯಾರನ್ನು ನೋಡಿಕೊಳ್ಳಲಿ ಹೇಳು? ಸ್ಟೂಲ್ ಅಲ್ಲೇ ಇದೆ. ಅದನ್ನು ಎತ್ತಿಡಲು ನನಗೆ ಕೈ ಬರುತ್ತಿಲ್ಲ.

ಆಮೇಲೆ ನಾನೇ ಒಂದು ಉಪಾಯ ಹೂಡಿದೆ. ಉಸಿರು ಮುಗಿದ ಕೂಡಲೇ ಕೊಳಲು ತುಟಿಯಲ್ಲೇ ಇಟ್ಟುಕೊಂಡು ಕಲ್ಲಿನ ಹಾಗೆ ಕೂತುಬಿಡುವುದು, ರೆಪ್ಪೆ ಸಹ ಬಡಿಯದೆ. ಚಿತ್ರ ನಿಂತುಹೋಯಿತೆಂದು ಮಕ್ಕಳು ತಿಳಿಯಬೇಕು. ಈ ವಯಸ್ಸಿನಲ್ಲಿ ನಿನ್ನ ಅಪ್ಪನ ವೇಷ ನೋಡು. ಮೂರು ವಾರ ನಡೆಯಿತು. ಹೋದ ವಾರ ಪಾಠ ಮುಗಿದ ಮೇಲೆ ಒಬ್ಬಳು ಉಳಿದುಕೊಂಡಳು. ಮುಂದಿನ ಎರಡು ಹಲ್ಲು ಬಿದ್ದಿರುವುದರಿಂದ ನಿನ್ನ ಅಮ್ಮ ಅವಳನ್ನು ಬೊಚ್ಚಿ ಎನ್ನುತ್ತಿದ್ದಳು. "ಮೇಷ್ಟ್ರೇ, ನಿಮ್ಮ ಲೈನ್ ಹೋದಾಗ್ಲೂ ಹಿಂದಿರೋ ಗಡಿಯಾರದ ಮುಳ್ಳು ಓಡ್ತಾನೇ ಇರತ್ತೆ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಗಡಿಯಾರ ನೋಡಲು ಬರುತ್ತೀಯೋ ಪಾಠ ಕೇಳಲು ಬರುತ್ತೀಯೋ ಎಂದು ಗದರಿಸಿ ಕಳಿಸಿದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ನಿನ್ನೆ ಮತ್ತೆ ಉದ್ದ ಸ್ವರ. ಐದು ಎಣಿಸುವಷ್ಟರಲ್ಲಿ ಉಸಿರು ಮುಗಿಯಿತು, ಅಲ್ಲಾಡದೆ ಕೂತೆ. ನೋಡುತ್ತೇನೆ, ಬೊಚ್ಚಿಯೂ ಅಲ್ಲಾಡುತ್ತಿಲ್ಲ. ಅವಳ ಪಕ್ಕದ ಚೌಕದವನೂ ನಿಂತುಬಿಟ್ಟ. ಒಬ್ಬೊಬ್ಬರಾಗಿ ಹತ್ತೂ ಮಕ್ಕಳು ಕೊಳಲು ತುಟಿಗಿಟ್ಟುಕೊಂಡು ಗೊಂಬೆಗಳ ಹಾಗೆ ಕೂತರು. ಒಬ್ಬನ ಹಿಂದೆ ಅವನ ಅಜ್ಜಿ ಬಟ್ಟೆ ಮಡಚುತ್ತಲೇ ಇದ್ದರು. ಇನ್ನೊಬ್ಬಳ ಬೆಕ್ಕು ಮೇಜಿನ ಮೇಲೆ ನಡೆದುಹೋಯಿತು. ಬಿಟ್ಟೇ ಇಟ್ಟುಕೊಂಡಿದ್ದರಿಂದ ಬೊಚ್ಚಿಯ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಆದರೂ ರೆಪ್ಪೆ ಬಡಿಯಲಿಲ್ಲ. ನಾನು ಉಸಿರು ತೆಗೆದುಕೊಂಡು ಕೊಳಲು ಸರಿ ಮಾಡಿಕೊಂಡ ಮೇಲೆಯೇ ಅವರೂ ಅಲ್ಲಾಡಿದ್ದು. "ನಮ್ಮ ಲೈನೂ ಹೋಗಿತ್ತು ಮೇಷ್ಟ್ರೇ" ಎಂದಳು ಬೊಚ್ಚಿ. ಮಗೂ, ನಾನು ಎದ್ದು ಹೋಗಿ ಆ ಸ್ಟೂಲಿನ ಮೇಲೆ ಕೂತು ಸ್ವಿಚ್ ಆರಿಸಿದೆ. ನಿನ್ನ ಅಮ್ಮ ಹೋದ ದಿನ ಬಾರದ ಅಳು ನಿನ್ನೆ ಬಂತು.

ಇಷ್ಟೇ ಸಮಾಚಾರ. ನಿನ್ನ ಬಸ್ಸೂ ಅದರಲ್ಲಿ ಕೂತವರೂ ದಿನಾ ಕ್ಷೇಮವಾಗಿ ಮನೆ ಸೇರಲಿ. ಅಮ್ಮ ಇದ್ದಿದ್ದರೆ ಏನು ಹರಸುತ್ತಿದ್ದಳೋ ಅದನ್ನೂ ಸೇರಿಸಿಕೋ.

ನಿನ್ನ ಅಪ್ಪ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಎಲ್ಲ ಮಕ್ಕಳ ಎದುರಿಗೆ ನಿನಗೆ "ನಿನ್ನದು ಗುಬ್ಬಿ ಉಸಿರು, ಕೊಳಲು ಇಟ್ಟುಬಿಡು" ಎಂದೆನಲ್ಲ, ಅದು ತಪ್ಪು. ಡಿಪೋದಲ್ಲಿ ಬಸ್ ನಿಲ್ಲಿಸಿ ನೀನು ಫೋನಿನಲ್ಲಿ ಅಮ್ಮನಿಗೆ ಊದಿ ಕೇಳಿಸುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಣಿಸುತ್ತಿದ್ದೆ. ಒಂದೇ ಉಸಿರಿಗೆ ಇಪ್ಪತ್ತೆರಡರವರೆಗೆ ಹಿಡಿಯುತ್ತೀಯ. ನನ್ನ ಒಳ್ಳೆಯ ಕಾಲದಲ್ಲೂ ನನಗೆ ಹತ್ತೊಂಬತ್ತು ದಾಟಲಾಗಲಿಲ್ಲ. ಇದನ್ನು ಅವಳಿಗೂ ಹೇಳಲಿಲ್ಲ. ಈ ಮಕ್ಕಳು ಉದ್ದ ಸ್ವರವನ್ನು ಒಮ್ಮೆಯೂ ಪೂರ್ತಿ ಕೇಳಿಲ್ಲ. ಮಂಗಳವಾರ ಸಂಜೆ ಐದಕ್ಕೆ ಬಾ. ನನ್ನ ಜೊತೆ ಮಾತಾಡಬೇಕಾಗಿಲ್ಲ, ಹನ್ನೊಂದನೆಯ ಚೌಕದಲ್ಲಿ ಕೂತು ಊದಿದರೆ ಸಾಕು. ನಾನು ಅಲ್ಲಾಡದೆ ಕೂತಿರುತ್ತೇನೆ. ನನ್ನ ಮುಖ ನೋಡಲು ಕಷ್ಟವಾದರೆ, ಅಪ್ಪನ ಲೈನ್ ಹೋಗಿದೆ ಅಂದುಕೋ.