ಹಳೆ ಬಟ್ಟೆಯ ಮೇಲೆ ಮೊದಲ ಕತ್ತರಿ

ಮಾರ್ಚ್ ೧೪, ಶುಕ್ರವಾರ

ಫೋನ್ ಕಂಪನಿಯ ಅಪ್‌ಡೇಟ್ ಇವತ್ತೂ ಬರಲಿಲ್ಲ. "ಶೀಘ್ರದಲ್ಲೇ" ಅನ್ನುತ್ತಲೇ ಚಳಿಗಾಲ ಕಳೆಯಿತು. ಹೊಲಿಗೆಗೆ ಕೊಡುವವರು ಡಿಸೈನಿನ ಫೋಟೋ ಕಳಿಸಿದರೆ ಸಾಕು, ನನ್ನ ಫೋನು ಮುನಿಸಿಕೊಂಡ ನಾದಿನಿಯ ಹಾಗೆ ಮುಖ ಗಂಟಿಕ್ಕಿ ನಿಂತುಬಿಡುತ್ತಿತ್ತು.

ಕೊನೆಗೆ ನಮ್ಮ ಯಜಮಾನರೇ ಕೈ ಹಾಕಿದರು. ಗಡಿಯಾರ ರಿಪೇರಿ ಮಾಡುವ ಕೈ, ಸುಮ್ಮನಿರುತ್ತದೆಯೇ? ಯಾರೋ ಹವ್ಯಾಸಿಗಳು ನಮ್ಮ ಮಾಡೆಲ್ಲಿಗೆಂದೇ ಬರೆದು ಇಂಟರ್ನೆಟ್ಟಿನಲ್ಲಿ ಹಾಕಿದ ಸಾಫ್ಟ್‌ವೇರಂತೆ. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದರು.

"ಕೆಟ್ಟುಹೋದ್ರೆ?" ಅಂದೆ.

"ಹೋಗಲ್ಲ ಕಣೆ, ನಂಗೊತ್ತು."

ಎಲ್ಲಿಂದ ಬಂತೋ ಆ ಧೈರ್ಯ! ಒಲೆಯ ಮೇಲೆ ಹಾಲಿಟ್ಟವರ ಹಾಗೆ ಇಬ್ಬರೂ ಕಣ್ಣು ಕೀಳದೆ ಕೂತೆವು. ಪರದೆ ಬೆಳಗಿತು. ಫೋಟೋಗಳು ಪಟಪಟನೆ ತೆರೆದುಕೊಂಡವು. ಖುಷಿಗೆ ಮೊದಲ ಕರೆಯನ್ನು ಪಕ್ಕದಲ್ಲೇ ಕೂತ ಇವರಿಗೇ ಮಾಡಿದೆ. ಸ್ವಿಚ್ ಆಫ್. ಜೇಬಿಗೆ ಕೈ ಹಾಕಿ ಇವರ ಫೋನು ತೆಗೆದೆ. ಏನು ಒತ್ತಿದರೂ ಜೀವವಿಲ್ಲ, ಬರೀ ಕಲ್ಲು.

"ಇದೇನ್ರೀ?"

"ಮೊದ್ಲು ನಂದ್ರಲ್ಲಿ ಮಾಡಿ ನೋಡ್ದೆ. ಎಲ್ಲಿ ಎಡವಿದ್ದು ಅಂತ ಗೊತ್ತಾಯ್ತು. ನೀನೇ ಹೇಳ್ತಿರ್ತೀಯಲ್ಲ, ಹೊಸ ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಹಳೇದ್ರ ಮೇಲೆ ಹಾಕಿ ನೋಡ್ಬೇಕು ಅಂತ."

ಮಿಷನ್ನಿನ ಮುಂದೆ ಕೂತು ನಾನು ಗೊಣಗುವುದೆಲ್ಲ ಇವರ ಕಿವಿಗೆ ಬೀಳುತ್ತದೆಂದು ಇವತ್ತೇ ಗೊತ್ತಾದದ್ದು. ಬೈಯಲು ಬಾಯಿ ತೆರೆದೆ, ನಗು ಬಂತು.

ಈಗ ಗೊರಕೆ. ಗಡಿಯಾರದವರಿಗೆ ಬೆಳಿಗ್ಗೆ ಏಳಲು ಅಲಾರಂ ಇಲ್ಲ! ನನ್ನ ಫೋನಿನಲ್ಲೇ ಇಟ್ಟು ಇವರ ದಿಂಬಿನ ಪಕ್ಕ ಇಟ್ಟಿದ್ದೇನೆ.

ಹಳೇದಂತೆ. ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡದ್ದು. ಇವರದು ಮಾತ್ರ ಹಳೇದು ಹೇಗಾಯಿತೋ…